ನಮ್ಮ ಚರ್ಚಿನ ಆರು ವಾರದ ಆಲಿಸುವ ಕೂಟ: ಕಿವಿಗೆ ಫುಲ್ ಮಾರ್ಕ್ಸು, ಪೆನ್ನಿಗೆ ಜಸ್ಟ್ ಪಾಸು

ಮೊದಲೇ ಹೇಳಿಬಿಡುತ್ತೇನೆ, ನಾನು ಇದಕ್ಕೆ ಹೋಗಿದ್ದು ಒಲ್ಲದ ಮನಸ್ಸಿನಿಂದ. ಪೂಜೆ ಮುಗಿದ ಮೇಲೆ ಫಾದರ್ ಪ್ರಕಟಣೆ ಓದಿದರು. ವಾರಕ್ಕೊಂದು ದಿನ, ಒಂದೂವರೆ ಗಂಟೆ, ಒಟ್ಟು ಆರು ವಾರ, ಎಲ್ಲರ ಅಭಿಪ್ರಾಯಕ್ಕೂ ಸ್ವಾಗತ. ಈ ಕೊನೆಯ ಮಾತು ಕೇಳಿದ ಕೂಡಲೇ ನನಗೆ ಅನುಮಾನ ಶುರುವಾಗುತ್ತದೆ. ಇಂಥ ಸಭೆಗಳನ್ನು ಹಿಂದೆಯೂ ನೋಡಿದ್ದೇನೆ. ತೀರ್ಮಾನ ಆಗಲೇ ಫೈಲಿನಲ್ಲಿರುತ್ತದೆ, ನಮ್ಮನ್ನು ಕರೆಯುವುದು ತಲೆಯಾಡಿಸುವುದಕ್ಕೆ. ಆದರೂ ಪಕ್ಕದ ಬೆಂಚಿನ ಅಕ್ಕ "ಒಬ್ಬಳೇ ಹೋಗೋಕೆ ಒಂಥರಾ ಆಗುತ್ತೆ, ಬಾ" ಅಂದರು ಅಂತ ಹೋದೆ.

ಹೋಗಿದ್ದಕ್ಕೆ ಬೇಜಾರಿಲ್ಲ. ಆದರೆ ದೂರು ಇದೆ. ನಿಮ್ಮ ಚರ್ಚಿನಲ್ಲೂ ಇಂಥದ್ದು ಶುರುವಾಗುತ್ತಿದ್ದರೆ ಉಪಯೋಗಕ್ಕೆ ಬರಲಿ ಅಂತ ಬರೆಯುತ್ತಿದ್ದೇನೆ.

ವ್ಯವಸ್ಥೆ ಸರಳ. ವೇದಿಕೆ ಇಲ್ಲ, ಮೈಕ್ ಇಲ್ಲ. ಕುರ್ಚಿಗಳನ್ನು ದುಂಡಗೆ ಹಾಕಿದ್ದರು, ಒಂದು ಗುಂಪಿಗೆ ಒಂಬತ್ತು ಜನ. ನಮ್ಮ ಗುಂಪನ್ನು ನಡೆಸಿದ್ದು ಒಬ್ಬ ಸಿಸ್ಟರ್. ಮೂರು ಸುತ್ತು. ಮೊದಲ ಸುತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಅನುಭವವನ್ನು ಮೂರು ನಿಮಿಷದಲ್ಲಿ ಹೇಳಬೇಕು, ಬೇರೆಯವರು ಬಾಯಿ ಬಿಡುವ ಹಾಗಿಲ್ಲ. ಆಮೇಲೆ ಮೌನ. ಎರಡನೇ ಸುತ್ತಿನಲ್ಲಿ ನಿಮ್ಮ ಮಾತು ಬೇಡ, ಬೇರೆಯವರು ಹೇಳಿದ್ದರಲ್ಲಿ ನಿಮಗೆ ಏನು ತಟ್ಟಿತು ಅನ್ನುವುದನ್ನು ಮಾತ್ರ ಹೇಳಬೇಕು. ಮತ್ತೆ ಮೌನ. ಮೂರನೆಯದರಲ್ಲಿ ಎಲ್ಲರೂ ಸೇರಿ ಚರ್ಚೆ.

ಇದು ಸಿಸ್ಟರ್ ಮನೆಯಲ್ಲಿ ಕೂತು ಕಂಡುಹಿಡಿದಿದ್ದಲ್ಲ. ಪೋಪ್ ಫ್ರಾನ್ಸಿಸ್ 2021ರ ಅಕ್ಟೋಬರಿನಲ್ಲಿ ಶುರು ಮಾಡಿದ, ಬಿಷಪರು ಸೇರಿ ಸಮಾಲೋಚನೆ ನಡೆಸುವ ದೊಡ್ಡ ಸಭೆಯಾದ ಸಿನೊಡ್‌ನಲ್ಲಿ ಇದೇ ಕ್ರಮ ಇತ್ತು. 2023 ಮತ್ತು 2024ರಲ್ಲಿ ರೋಮಿನಲ್ಲಿ ನಡೆದ ಅಧಿವೇಶನಗಳ ಫೋಟೋ ನೀವೂ ನೋಡಿರಬಹುದು. ಸಾಲು ಕುರ್ಚಿಗಳಿಲ್ಲ, ದೊಡ್ಡ ಹಾಲಿನ ತುಂಬ ದುಂಡು ಮೇಜುಗಳು. ಕಾರ್ಡಿನಲ್ ಪಕ್ಕದಲ್ಲಿ ಒಬ್ಬ ಸಿಸ್ಟರ್, ಅವರ ಪಕ್ಕದಲ್ಲಿ ಕಾಲೇಜು ಹುಡುಗನ ವಯಸ್ಸಿನವನು. ಬಿಷಪರ ಸಿನೊಡ್‌ನಲ್ಲಿ ಹೆಂಗಸರು ಮತ ಹಾಕಿದ್ದು 2023ರಲ್ಲೇ ಮೊದಲು. ಅಷ್ಟು ದೊಡ್ಡವರೇ ಬಾಯಿ ಮುಚ್ಚಿ ಕೂತಿದ್ದಾರೆ ಅಂದಮೇಲೆ ನಮಗೇನು ಕಷ್ಟ ಅಂದುಕೊಂಡೆ.

ಕಷ್ಟ ಇತ್ತು. ಬಾಯಿ ಮುಚ್ಚಿಕೊಂಡಿರುವುದು ಬೇರೆ, ಕೇಳುವುದು ಬೇರೆ. ಮೊದಲ ವಾರ ನಾನು ಎದುರಿಗಿದ್ದವರು ಮಾತಾಡುತ್ತಿರುವಾಗ ನನ್ನ ಸರದಿ ಬಂದಾಗ ಏನು ಹೇಳಲಿ ಅಂತ ಮನಸ್ಸಿನಲ್ಲೇ ರಿಹರ್ಸಲ್ ಮಾಡುತ್ತಿದ್ದೆ, ಅವರು ಏನು ಹೇಳಿದರೋ ಒಂದೂ ತಲೆಗೆ ಹೋಗಲಿಲ್ಲ, ಎರಡನೇ ಸುತ್ತು ಬಂದಾಗ ಸಿಕ್ಕಿಬಿದ್ದೆ. "ನಿಮಗೆ ಏನು ತಟ್ಟಿತು?" ಅಂತ ಸಿಸ್ಟರ್ ಕೇಳಿದರು. ಏನೂ ತಟ್ಟಿರಲಿಲ್ಲ. ನಾಲ್ಕನೇ ಕ್ಲಾಸಿನಲ್ಲಿ ಹೋಂವರ್ಕ್ ಮಾಡದೆ ನಿಂತ ಹಾಗಾಯಿತು. ಈ ಎರಡನೇ ಸುತ್ತೇ ಇಡೀ ಕಾರ್ಯಕ್ರಮದ ಜೀವಾಳ. ಜಾಣಕಿವುಡಿಗೆ ಇಲ್ಲಿ ಜಾಗವೇ ಇಲ್ಲ.

ಎರಡನೇ ವಾರದಿಂದ ನಿಜವಾದ ಮಾತು ಬಂತು. ಒಬ್ಬ ಹುಡುಗಿ, "ಪ್ರಬೋಧನೆಯಲ್ಲಿ ಮೊದಲ ಎರಡು ನಿಮಿಷ ಆದಮೇಲೆ ನಾನು ಕಿಟಕಿ ನೋಡ್ತೀನಿ, ಯಾಕಂದ್ರೆ ನನ್ನಂಥವರಿಗೆ ಅಂತ ಒಂದು ಮಾತೂ ಇರಲ್ಲ" ಅಂದಳು. ಫಾದರ್ ಪಕ್ಕದ ಗುಂಪಿನಲ್ಲೇ ಇದ್ದರು, ಕೇಳಿಸಿರಲೇಬೇಕು. ಮದುವೆ ಮುರಿದ ಒಬ್ಬರು ತಾವು ಯಾವಾಗಲೂ ಕಂಬದ ಹಿಂದೆ ಯಾಕೆ ಕೂರುತ್ತೇನೆ ಅಂತ ಹೇಳಿದರು. ಆ ಕಂಬವನ್ನು ನಾನು ಎಷ್ಟು ವರ್ಷದಿಂದ ನೋಡಿದ್ದೇನೆ, ಅವರನ್ನು ನೋಡಿರಲಿಲ್ಲ. ಇನ್ನೊಬ್ಬರು, ಬೇರೆ ಊರಿನಿಂದ ಬಂದವರು, ತಮ್ಮ ಭಾಷೆಯಲ್ಲೇ ಮಾತಾಡಿದರು, ಅವರ ಮಗಳು ಅರ್ಥ ಹೇಳಿದಳು. ನಾವು ಕೈಮುಗಿದು ಪ್ರಾರ್ಥನೆ ಮಾಡುವ ಅಷ್ಟು ಹೊತ್ತೂ ಅವರು ನಮ್ಮ ತುಟಿಗಳನ್ನು ನೋಡಿ ಅಂದಾಜಿನ ಮೇಲೆ ಆಮೆನ್ ಹೇಳುತ್ತಾರಂತೆ.

ಒಬ್ಬ ಯುವಕನಿಗೆ ಮಾತು ತೊದಲುತ್ತದೆ. ಅವನ ಸರದಿಯಲ್ಲಿ ಟೈಮರ್ ಅರ್ಧ ವಾಕ್ಯಕ್ಕೇ ಟಿಣ್ ಅಂತು. ಅವನು ನಕ್ಕು "ಸಾಕು" ಅಂದುಬಿಟ್ಟ. ಎಲ್ಲರಿಗೂ ಮೂರೇ ನಿಮಿಷ ಅನ್ನುವುದು ಸಮಾನತೆ ಅಂತ ಕಾಣುತ್ತದೆ, ಆದರೆ ಎಲ್ಲರ ಮೂರು ನಿಮಿಷವೂ ಒಂದೇ ಅಲ್ಲ ಅಲ್ವಾ? ಮುಂದಿನ ವಾರ ಸಿಸ್ಟರ್ ಟೈಮರನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ. ಯಾರೂ ಜಾಸ್ತಿ ಹೊತ್ತು ತಗೊಳ್ಳಲಿಲ್ಲ, ಒಬ್ಬರನ್ನು ಬಿಟ್ಟು. ಅಂಥವರು ಒಬ್ಬರು ಪ್ರತಿ ಗುಂಪಿನಲ್ಲೂ ಇರುತ್ತಾರೆ, ಬಿಡಿ.

ಇಲ್ಲಿವರೆಗೆ ಎಲ್ಲ ಚೆನ್ನಾಗಿದೆ. ಈಗ ದೂರಿಗೆ ಬರುತ್ತೇನೆ.

ಮೂರನೇ ವಾರ ಒಬ್ಬ ಹಿರಿಯರು ಮಾತಾಡಿದರು. ಹೆಂಡತಿ ತೀರಿಕೊಂಡು ಎರಡು ವರ್ಷವಾಗಿದೆ. ಅವರು ಹೇಳಿದ್ದು ಇಷ್ಟೇ: "ಅವಳಿದ್ದಾಗ ಪೂಜೆ ಮುಗಿದ ಮೇಲೆ ಎಲ್ಲರೂ ನಮ್ಮನ್ನ ನಿಲ್ಲಿಸಿ ಮಾತಾಡಿಸ್ತಿದ್ರು. ಅವರು ಮಾತಾಡಿಸ್ತಿದ್ದಿದ್ದು ಅವಳನ್ನ ಅಂತ ನಂಗೆ ಈಗ ಗೊತ್ತಾಗಿದೆ. ಈಗ ನಾನು ಗೇಟಿನವರೆಗೆ ನಡೆದು ಹೋಗೋದು ಯಾರಿಗೂ ಕಾಣಲ್ಲ." ಆಮೇಲಿನ ಮೌನ ಎರಡು ನಿಮಿಷಕ್ಕೆ ಮುಗಿಯಲಿಲ್ಲ. ಯಾರದೋ ಮೊಬೈಲ್ ಬಡಿದುಕೊಂಡಿತು, ಆದರೂ ಯಾರೂ ಅಲುಗಲಿಲ್ಲ.

ಮುಂದಿನ ಭಾನುವಾರ ವರದಿಯನ್ನು ನೋಟಿಸ್ ಬೋರ್ಡಿಗೆ ಹಾಕಿದರು. ಟೈಪ್ ಮಾಡಿದ ಒಂದೇ ಪುಟ. ಆ ಹಿರಿಯ ಅಂಕಲ್ ಮಾತು ಎಲ್ಲಿದೆ ಅಂತ ಹುಡುಕಿದೆ. ಐದನೇ ಸಾಲು: "ಹಿರಿಯರ ಪಾಲನೆಗೆ ಹೆಚ್ಚಿನ ಒತ್ತು ನೀಡಬೇಕೆಂಬ ಅಭಿಪ್ರಾಯ ವ್ಯಕ್ತವಾಯಿತು."

ಎಲ್ಲಿ ಆ ಗೇಟು? ಎಲ್ಲಿ ಆ ಹೆಂಡತಿ? ಎರಡು ಸಲ ಓದಿದೆ, ಅಲ್ಲಿ ಅಂಕಲ್ ಇರಲಿಲ್ಲ. ಕಿಟಕಿ ನೋಡುವ ಹುಡುಗಿ "ಯುವಜನರ ಪಾಲ್ಗೊಳ್ಳುವಿಕೆ" ಆಗಿದ್ದಳು. ಕಂಬದ ಹಿಂದಿನ ಅಕ್ಕ "ಕೌಟುಂಬಿಕ ಸವಾಲುಗಳು" ಆಗಿದ್ದರು. ತುಟಿ ನೋಡಿ ಆಮೆನ್ ಹೇಳುವವರು ವರದಿಯಲ್ಲೇ ಇರಲಿಲ್ಲ. ಯಾರೂ ಬೇಕಂತ ಮುಚ್ಚಿಟ್ಟಿದ್ದಲ್ಲ, ಅದು ನನಗೆ ಗೊತ್ತು. ಯಾರಿಗೂ ನೋವಾಗಬಾರದು ಅಂತ ಎಲ್ಲ ಮಾತಿಗೂ ಇಸ್ತ್ರಿ ಹಾಕಿದ್ದರು. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿತ್ತು. ನಮ್ಮ ಚರ್ಚಿನ ಪಾಲನಾ ಸಮಿತಿಯವರ ಕೈಗೆ ಹೋಗುವುದು ಈ ಹಾಳೆ. ಅವರು ಗುಂಪಿನಲ್ಲಿ ಕೂತಿರಲ್ಲ, ಆ ಮೌನ ಅವರಿಗೆ ಗೊತ್ತಿಲ್ಲ. ಇದನ್ನು ಓದಿ ಅವರು ಏನು ಮಾಡಿಯಾರು? ಒಂದು ಹಿರಿಯರ ದಿನಾಚರಣೆ ಮಾಡಿ ಶಾಲು ಹೊದಿಸುತ್ತಾರೆ. ಅಂಕಲ್ ಶಾಲು ಹೊದ್ದುಕೊಂಡು ಒಬ್ಬರೇ ಗೇಟಿಗೆ ನಡೆದು ಹೋಗುತ್ತಾರೆ.

ತಮಾಷೆ ಏನಂದರೆ ನಮ್ಮ ಬೈಬಲ್ಲಿನಲ್ಲಿ ಇಸ್ತ್ರಿ ಇಲ್ಲ. ಪ್ರೇಷಿತರ ಕಾರ್ಯಕಲಾಪಗಳ ಆರನೇ ಅಧ್ಯಾಯ ತೆಗೆದು ನೋಡಿ. ದಿನದ ಹಂಚಿಕೆಯಲ್ಲಿ ನಮ್ಮ ವಿಧವೆಯರನ್ನು ಕಡೆಗಣಿಸುತ್ತಿದ್ದಾರೆ ಅಂತ ಗ್ರೀಕ್ ಮಾತಾಡುವವರು ಗೊಣಗಿದರು. ಯಾರು ಗೊಣಗಿದರು, ಯಾರ ಮೇಲೆ, ಯಾವ ವಿಷಯಕ್ಕೆ, ಎಲ್ಲ ಇದೆ. ಅಷ್ಟು ಸ್ಪಷ್ಟವಾಗಿ ಇದ್ದಿದ್ದಕ್ಕೇ ಏಳು ಜನರನ್ನು ಆರಿಸುವುದಕ್ಕೆ ಆಯಿತು, ಆ ಏಳೂ ಹೆಸರು ಗ್ರೀಕ್ ಹೆಸರುಗಳೇ. ಪೌಲನಂತೂ ಅಂತಿಯೋಕ್ಯದಲ್ಲಿ, ಅನ್ಯಜನರ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟ ಪೇತ್ರನಿಗೆ ಮುಖಕ್ಕೆ ಮುಖ ಕೊಟ್ಟು ನೀನು ಮಾಡಿದ್ದು ತಪ್ಪು ಅಂದಿದ್ದನ್ನು ಗಲಾತ್ಯರ ಪತ್ರದಲ್ಲಿ ತಾನೇ ಬರೆದಿಟ್ಟಿದ್ದಾನೆ. ನಮ್ಮ ನೋಟಿಸ್ ಬೋರ್ಡಿನಲ್ಲಾಗಿದ್ದರೆ "ಊಟದ ವ್ಯವಸ್ಥೆಯ ಕುರಿತು ವಿಚಾರ ವಿನಿಮಯ ನಡೆಯಿತು" ಅಂತ ಬರುತ್ತಿತ್ತು.

ಸಿನೊಡ್ ಕೂಡ ಇದರಲ್ಲಿ ನಮಗಿಂತ ವಾಸಿ. 2024ರ ಕೊನೆಯ ದಾಖಲೆಯಲ್ಲಿ 155 ಪರಿಚ್ಛೇದಗಳಿವೆ. ಒಂದೊಂದಕ್ಕೂ ಬೇರೆ ಬೇರೆ ಮತ ಹಾಕಿದರು, ಎಷ್ಟು ಹೌದು ಎಷ್ಟು ಇಲ್ಲ ಅನ್ನುವುದನ್ನು ಹಾಗೇ ಪ್ರಕಟ ಮಾಡಿದರು. ಹೆಂಗಸರ ಪಾತ್ರದ ಬಗ್ಗೆ ಇರುವ, ಅವರು ಡೀಕನ್ (ಪಾದ್ರಿಗಿಂತ ಒಂದು ಮೆಟ್ಟಿಲು ಕೆಳಗಿನ ದೀಕ್ಷಿತ ಸೇವಕ) ಆಗಬಹುದೇ ಅನ್ನುವ ಪ್ರಶ್ನೆಯನ್ನು ತೆರೆದೇ ಇಟ್ಟ 60ನೇ ಪರಿಚ್ಛೇದಕ್ಕೆ 258 ಹೌದು, 97 ಇಲ್ಲ. ಪಾಸಾಯಿತು, ಆದರೆ ಆ 97 ಜನ ಕಾಣೆಯಾಗಲಿಲ್ಲ. ನೀವು ಆ ಕಡೆಯವರಾಗಿರಿ ಈ ಕಡೆಯವರಾಗಿರಿ, ನಿಮ್ಮ ಕಡೆ ಎಷ್ಟು ಜನ ಇದ್ದಾರೆ ಅಂತ ಗೊತ್ತಾಗುತ್ತದೆ.

ಕ್ವೇಕರ್ ಅನ್ನುವ ಕ್ರೈಸ್ತ ಪಂಥದವರ ಪದ್ಧತಿ ಇನ್ನೂ ಚಂದ. ಅವರು ಮತವನ್ನೇ ಹಾಕುವುದಿಲ್ಲ. ಬರೆದುಕೊಳ್ಳುವ ಕ್ಲರ್ಕ್ ಇರುತ್ತಾರೆ, ಅವರು ಸಭೆ ನಡೆಯುತ್ತಿರುವಾಗಲೇ ಬರೆದು ಅಲ್ಲೇ ಓದಿ ಹೇಳುತ್ತಾರೆ. ಕೂತವರು "ಹಾಗಲ್ಲ, ಹೀಗೆ" ಅಂದರೆ ಅಲ್ಲೇ ತಿದ್ದಬೇಕು, ಎಲ್ಲರೂ ಸರಿ ಅಂದ ಮೇಲೇ ಮುಂದಿನ ವಿಷಯ. ಮನೆಗೆ ಹೋಗಿ ಟೈಪ್ ಮಾಡುವಾಗ ಮಾತಿನ ಮೂಳೆ ತೆಗೆಯುವುದಕ್ಕೆ ಅವಕಾಶವೇ ಇಲ್ಲ.

ನಾಲ್ಕನೇ ವಾರ ಇದನ್ನು ಸಿಸ್ಟರ್ ಹತ್ತಿರ ಹೇಳಿದೆ. ಸ್ವಲ್ಪ ಜೋರಾಗಿಯೇ ಹೇಳಿದೆ ಅಂತ ಆಮೇಲೆ ಅನಿಸಿತು. ಅವರು ಸಿಟ್ಟು ಮಾಡಿಕೊಳ್ಳಲಿಲ್ಲ. "ಸರಿ, ಮುಂದಿನ ವಾರ ನೀನೇ ಬರಿ" ಅಂದು ನೋಟ್‌ಬುಕ್ ಕೈಗೆ ಕೊಟ್ಟರು.

ಬರೆದೆ. ಒಬ್ಬ ತಾಯಿ, "ನನ್ನ ಮಗ ಚರ್ಚಿಗೆ ಬರೋದು ಬಿಟ್ಟ. ಅವನ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ, ಬೈದೆ, ಅದಕ್ಕೇ ಬಿಟ್ಟ" ಅಂದರು. ಕೊನೆಯಲ್ಲಿ ಕ್ವೇಕರ್ ಶೈಲಿಯಲ್ಲಿ ಬರೆದಿದ್ದನ್ನು ಓದಿದೆ, ದೊಡ್ಡ ಸಾಧನೆ ಮಾಡಿದವಳ ಹಾಗೆ. ಅವರ ಸಾಲು ಬಂದಾಗ ನನ್ನ ಬಾಯಿಂದ ಬಂದಿದ್ದು: "ವಿಶ್ವಾಸದ ಕುರಿತ ಪ್ರಶ್ನೆಗಳಿಂದಾಗಿ ಯುವಜನರು ದೂರವಾಗುತ್ತಿದ್ದಾರೆ."

"ನಾನು ಯುವಜನರು ಅಂದೆನಾ?" ಅಂತ ಆ ತಾಯಿ ಕೇಳಿದರು. "ನಾನು ನನ್ನ ಮಗ ಅಂದೆ. ನಾನು ಬೈದೆ ಅಂದೆ."

ನನ್ನ ಮುಖ ನೋಡಬೇಕಿತ್ತು. ಕೈಗೆ ಪೆನ್ನು ಬಂದ ಕೂಡಲೇ ನಾನೂ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದೆ. ಅವರಿಗೆ ಮುಜುಗರ ಆಗಬಾರದು ಅಂತ ಬರೆದಿದ್ದು, ಆದರೆ ಅವರು ಮುಜುಗರ ನುಂಗಿಕೊಂಡೇ ಹೇಳಿದ್ದರಲ್ಲ. ಅಲ್ಲೇ ಹೊಡೆದುಹಾಕಿ ಅವರ ಮಾತನ್ನೇ ಬರೆದೆ. ಹೆಸರು ಹಾಕಬೇಡಿ ಅಂದರು, ಹಾಕಲಿಲ್ಲ. ಹೆಸರು ಬೇಡ ಅನ್ನುವುದು ಅವರ ಹಕ್ಕು, ಮಾತು ಬದಲಾಯಿಸುವುದು ನನ್ನ ಹಕ್ಕಲ್ಲ.

ಆ ವಾರದ ವರದಿ ಒಂದು ಪುಟ ಹೋಗಿ ಮೂರು ಪುಟ ಆಯಿತು. ಉದ್ದ ಜಾಸ್ತಿ ಅಂತ ಸಮಿತಿಯವರೊಬ್ಬರು ಗೊಣಗಿದ್ದು ಕಿವಿಗೆ ಬಿತ್ತು. ಆದರೆ ಬೋರ್ಡಿನ ಮುಂದೆ ಜನ ನಿಂತು ಓದುತ್ತಿದ್ದರು. ಪೂಜೆಯ ಸಮಯದ ಬದಲಾವಣೆ ಬಿಟ್ಟರೆ ಆ ಬೋರ್ಡಿನಲ್ಲಿ ಯಾರಾದರೂ ಏನಾದರೂ ಓದಿದ್ದನ್ನು ನಾನು ಮೊದಲ ಸಲ ನೋಡಿದ್ದು.

ಸಣ್ಣಪುಟ್ಟ ಕೊರತೆಗಳೂ ಇವೆ. ಬರೆದು ಹಾಕಿ ಅಂತ ಒಂದು ಪೆಟ್ಟಿಗೆ ಇಟ್ಟಿದ್ದರು. ಆರು ವಾರವಾದರೂ ಯಾರೂ ತೆರೆದಿಲ್ಲ, ಕೀಲಿ ಯಾರ ಹತ್ತಿರ ಇದೆಯೋ ಯಾರಿಗೂ ಗೊತ್ತಿಲ್ಲ. ಕೂಟದ ಹೊತ್ತು ಸಂಜೆ, ಸಣ್ಣ ಮಕ್ಕಳಿರುವವರಿಗೆ, ಪಾಳಿಯಲ್ಲಿ ಕೆಲಸ ಮಾಡುವವರಿಗೆ ಆಗುವುದೇ ಇಲ್ಲ. ಅಂದರೆ ಯಾರ ದನಿ ಕಡಿಮೆ ಕೇಳಿಸುತ್ತದೋ ಅವರೇ ಹೊರಗೆ. ಇನ್ನು, ಬಂದವರಲ್ಲಿ ಅರ್ಧಕ್ಕರ್ಧ ಕ್ವಾಯರ್ ಮತ್ತು ಸಮಿತಿಯ ಮನೆಯವರು. ಚರ್ಚಿನ ಜೊತೆ ಮುನಿಸಿಕೊಂಡು ಬಿಟ್ಟವರನ್ನು ಮನೆಗೆ ಹೋಗಿ ಕರೆದರೆ ಮಾತ್ರ ಬರುತ್ತಾರೆ, ಪ್ರಕಟಣೆ ಓದಿದರೆ ಹೇಗೆ ಬರುತ್ತಾರೆ? ಪ್ರಕಟಣೆ ಓದುವಾಗ ಅವರು ಅಲ್ಲಿರಲ್ಲ.

ಒಂದು ಮಾತು ಇದನ್ನು ಒಪ್ಪದವರಿಗಾಗಿ. ನಮ್ಮ ಗುಂಪಿನಲ್ಲೇ ಒಬ್ಬರು, "ಚರ್ಚು ಅಂದ್ರೆ ಎಲೆಕ್ಷನ್ ಅಲ್ಲ, ಎಲ್ಲರೂ ಅನಿಸಿದ್ದು ಹೇಳ್ತಾ ಹೋದ್ರೆ ವಿಶ್ವಾಸ ಏನಾಗಬೇಕು" ಅಂತ ಎರಡನೇ ವಾರವೇ ಕೇಳಿದ್ದರು. ನಾನು ಮನಸ್ಸಿನಲ್ಲೇ ಮುಖ ಸಿಂಡರಿಸಿದೆ. ಆದರೆ ಅವರ ಮಾತಿನಲ್ಲೂ ಹುರುಳಿದೆ. ಆರನೇ ಶತಮಾನದಲ್ಲಿ ಸಂತ ಬೆನೆಡಿಕ್ಟರು ಮಠಗಳಿಗೆ ಬರೆದ ನಿಯಮದ ಮೂರನೇ ಅಧ್ಯಾಯದಲ್ಲಿ, ಮುಖ್ಯ ವಿಷಯ ಬಂದಾಗ ಎಲ್ಲರನ್ನೂ ಕರೆದು ಕೇಳಿ, ಒಳ್ಳೆಯದನ್ನು ದೇವರು ಎಷ್ಟೋ ಸಲ ಕಿರಿಯವನಿಗೇ ತೋರಿಸುತ್ತಾನೆ ಅಂತಿದೆ. ಅಲ್ಲೇ, ಕೊನೆಯ ತೀರ್ಮಾನ ಮಠಾಧಿಪತಿಯದು ಅಂತಲೂ ಇದೆ. ನನ್ನ ತಕರಾರು ತೀರ್ಮಾನ ಯಾರದು ಅನ್ನುವುದರ ಬಗ್ಗೆ ಅಲ್ಲ. ತೀರ್ಮಾನ ಮಾಡುವವರ ಮುಂದೆ ನನ್ನ ಮಾತು ನನ್ನ ಮಾತಾಗಿಯೇ ಹೋಗಬೇಕು. ಅವರ ಮಾತೂ ಅಷ್ಟೇ. ಅಂದಹಾಗೆ, ಎರಡನೇ ವಾರದ ವರದಿಯಲ್ಲಿ ಅವರದ್ದು "ಕೆಲವರು ಸಂಪ್ರದಾಯದ ಮಹತ್ವವನ್ನು ಸ್ಮರಿಸಿದರು" ಆಗಿತ್ತು. ಅವರಿಗೂ ನನ್ನಷ್ಟೇ ಸಿಟ್ಟು ಬಂದಿತ್ತಂತೆ. ಆರು ವಾರದಲ್ಲಿ ನಾವಿಬ್ಬರೂ ಒಪ್ಪಿದ ಒಂದೇ ವಿಷಯ ಅದು.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ ಸ್ಟಾರ್. ಸಿಸ್ಟರಿಗೆ ಬೇರೆಯಾಗಿ ಐದು. ಮಾತಾಡುವುದಕ್ಕೆ ಹೆದರುವವರೂ ಧೈರ್ಯವಾಗಿ ಹೋಗಬಹುದು, "ಈ ವಾರ ನಾನು ಸುಮ್ನೆ ಕೂರ್ತೀನಿ" ಅಂದರೆ ಯಾರೂ ಒತ್ತಾಯ ಮಾಡಲ್ಲ. ಬರೆದಿದ್ದನ್ನು ಅಲ್ಲೇ ಓದಿಸಿ ಅಂತ ಮೊದಲ ದಿನವೇ ಕೇಳಿ, ನಮ್ಮ ಹಾಗೆ ನಾಲ್ಕನೇ ವಾರದವರೆಗೆ ಕಾಯಬೇಡಿ.

ಮುಂದಿನ ಸರಣಿ ಬರುವ ತಿಂಗಳು. ಬರೆಯುವ ಕೆಲಸಕ್ಕೆ ನನ್ನ ಹೆಸರು ಕೊಟ್ಟಿದ್ದೇನೆ. ಹೋದ ಭಾನುವಾರ ಗೇಟಿನವರೆಗೆ ಅಂಕಲ್ ಜೊತೆ ನಡೆದೆ, ವಿಷಯ ಹೇಳಿದೆ. "ಹಾಗಾದ್ರೆ ನಂದು ದಪ್ಪ ಅಕ್ಷರದಲ್ಲಿ ಬರಿಯಮ್ಮ" ಅಂದರು. "ಬೋರ್ಡಿನ ಹತ್ರ ನಂಗೆ ಏನೂ ಕಾಣಲ್ಲ. ಹೋದ್ಸಲ ಐದನೇ ಸಾಲು ನಂದು ಅಂತ ಯಾರೋ ಹೇಳಿದ್ರು, ನಂಬಲಿಲ್ಲ ನಾನು."