ಎಣ್ಣೆ ಕಟರ್ ಪಾಸು, ಪ್ಲೇಯರ್ ಫೇಲು: ಬಣ್ಣದ ಗಾಜಿಗೆ ತರಿಸಿದ ಒಂದು ಸೆಟ್

ಉದ್ದ ಓದಲು ಪುರುಸೊತ್ತಿಲ್ಲದವರಿಗೆ ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಆನ್‌ಲೈನಿನಲ್ಲಿ 'ಸ್ಟೇನ್ಡ್ ಗ್ಲಾಸ್ ಟೂಲ್ ಕಿಟ್' (ಬಣ್ಣದ ಗಾಜಿನ ತುಂಡು ಜೋಡಿಸಿ ಚಿತ್ರ ಮಾಡುವ ಸಾಮಾನು) ಅಂತ ಹುಡುಕಿದರೆ ಹೆಸರಿಲ್ಲದ ಕಂಪನಿಯ ಒಂದು ಸೆಟ್ ಬರುತ್ತದೆ. ಎಣ್ಣೆ ತುಂಬುವ ಗಾಜಿನ ಕಟರ್, ರನ್ನಿಂಗ್ ಪ್ಲೇಯರ್ (ಗೀರಿದ ಗಾಜು ಮುರಿಯುವ ಇಕ್ಕಳ), ಗ್ರೋಜಿಂಗ್ ಪ್ಲೇಯರ್ (ಗಾಜಿನ ಅಂಚು ಕಡಿಯುವ ಇಕ್ಕಳ), ಎಣ್ಣೆ ಹಾಕಲು ಒಂದು ಡ್ರಾಪರ್, ಒಂದು ಸಣ್ಣ ಸ್ಕ್ರೂಡ್ರೈವರ್. ನಾನು ತರಿಸಿದಾಗ ಬೆಲೆ ಸಾವಿರದೈನೂರರ ಆಸುಪಾಸು. ಇದರಲ್ಲಿ ಕಟರ್ ಬಹಳ ಚೆನ್ನಾಗಿದೆ. ಗ್ರೋಜಿಂಗ್ ಪ್ಲೇಯರ್ ಪರವಾಗಿಲ್ಲ. ರನ್ನಿಂಗ್ ಪ್ಲೇಯರ್ ದಂಡ. ಬಿಡಿಬಿಡಿಯಾಗಿ ಸಿಕ್ಕರೆ ಕಟರ್, ಗ್ರೋಜಿಂಗ್ ಪ್ಲೇಯರ್ ಎರಡೇ ತಗೊಳ್ಳಿ, ಸೆಟ್ ಬೇಡ.

ಇನ್ನು ಪುರುಸೊತ್ತಿರುವವರಿಗೆ.

ನನ್ನದು ತುಮಕೂರಿನಲ್ಲಿ ಫೋಟೊ ಫ್ರೇಮ್ ಅಂಗಡಿ. ಅಪ್ಪನ ಕಾಲದಿಂದಲೂ ಇದೇ ಕಸುಬು. ದೇವರ ಪಟ, ಮದುವೆ ಫೋಟೊ, ತೀರಿಹೋದವರ ಫೋಟೊ, ನಿವೃತ್ತಿಯಾದವರ ಸನ್ಮಾನಪತ್ರ. ಎಲ್ಲವೂ ನೇರ ಗೀರು. ಸ್ಕೇಲ್ ಇಟ್ಟು ಎಳೆ, ಟೇಬಲ್ ಅಂಚಿಗೆ ಇಟ್ಟು ಒತ್ತು, ಟಕ್ ಅಂತ ಎರಡು ಭಾಗ. 2 ಎಂಎಂ ಗಾಜಿಗೆ ಹಳೇ ಆರು ಚಕ್ರದ ಕಟರ್ ಸಾಕು. ಒಂದು ಚಕ್ರ ಮೊಂಡಾದರೆ ತಿರುಗಿಸಿ ಇನ್ನೊಂದಕ್ಕೆ ಹೋಗುವುದು, ಅಷ್ಟೇ.

ತಿಪಟೂರು ಕಡೆಯ ಕೊಬ್ಬರಿ ವ್ಯಾಪಾರದ ಯಜಮಾನರೊಬ್ಬರು ಹೊಸ ಮನೆ ಕಟ್ಟಿಸಿದರು. ತಲೆಬಾಗಿಲ ಮೇಲಿನ ಕಿಂಡಿಗೆ ಬಣ್ಣದ ಗಾಜು ಬೇಕು ಅಂದರು. ಸ್ಟಿಕ್ಕರ್ ಬೇಡ, ಬಣ್ಣ ಬಳಿದದ್ದೂ ಬೇಡ. "ಮೈಸೂರು ಅರಮನೆ ಕಲ್ಯಾಣ ಮಂಟಪದಲ್ಲಿ ತಲೆ ಎತ್ತಿದ್ರೆ ನವಿಲು ಕಾಣುತ್ತಲ್ಲಪ್ಪಾ, ಅಂಥದ್ದು."

"ಯಜಮಾನ್ರೇ, ಆ ಗಾಜು ಗ್ಲಾಸ್ಗೋದಲ್ಲಿ ಮಾಡಿಸಿ ಹಡಗಲ್ಲಿ ತರಿಸಿದ್ದು" ಅಂದೆ.

"ಅದಕ್ಕೇ ನಿನ್ನ ಹತ್ರ ಬಂದಿದ್ದು. ಹಡಗಿನ ಬಾಡಿಗೆ ಉಳೀಲಿ ಅಂತ."

ಹೀಗೆ ಶುರುವಾಯಿತು. ವಿಡಿಯೊ ನೋಡಿ, ಬೆಂಗಳೂರಿನಲ್ಲಿ ಈ ಕೆಲಸ ಮಾಡುವ ಗೆಳೆಯನ ಹತ್ತಿರ ಕೂತು ಕಲಿತು, ಕಿಟಕಿ ಗಾಜಿನ ಚೂರುಗಳ ಮೇಲೆ ಕೈ ಪಳಗಿಸಿ, ಆಮೇಲೆ ಬಣ್ಣದ ಗಾಜಿಗೆ ಕೈ ಹಾಕಿದೆ. ಈ ಸೆಟ್ ತರಿಸಿದ್ದು ಆಗ.

ಇದರಲ್ಲಿ ಕಟರಿಗೆ ಯಾಕೆ ಇಷ್ಟು ಬೆಲೆ ಕೊಡಬೇಕು ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಈ ಕೆಲಸದಲ್ಲಿ ಗಾಜಿನ ತುಂಡುಗಳನ್ನು ಹಿಡಿಯುವುದು ಸೀಸದ ಪಟ್ಟಿ. ಅದಕ್ಕೆ ಕೇಮ್ ಅನ್ನುತ್ತಾರೆ. ಕೊಯ್ದು ನೋಡಿದರೆ ಎಚ್ ಅಕ್ಷರದ ಆಕಾರ. ಎರಡೂ ಬದಿಯ ಸಂದಿಯಲ್ಲಿ ಗಾಜು ಕೂರುತ್ತದೆ, ನಡುವೆ ಒಂದು ತೆಳು ಗೋಡೆ. ನೋಡಿದವರೆಲ್ಲ ಹೇಳುವುದು ಒಂದೇ: "ಗಾಜು ಹೆಂಗಾದ್ರೂ ಕತ್ತರಿಸಿ, ಸೀಸ ಮುಚ್ಚಿಕೊಳ್ಳುತ್ತೆ ಬಿಡಿ." ಸುಳ್ಳು. ಲೆಕ್ಕ ಹಾಕಿ ನೋಡಿ. ನಾನು ಹಾಕಿದ ಪಟ್ಟಿ 6 ಎಂಎಂ ಅಗಲ. ನಡುವಿನ ಗೋಡೆ ಸುಮಾರು ಒಂದೂವರೆ ಎಂಎಂ, ಅಂದರೆ ಬಡಗಿಗಳ ಲೆಕ್ಕದಲ್ಲಿ ಅರ್ಧ ನೂಲು. ಉಳಿದದ್ದರಲ್ಲಿ ಒಂದೊಂದು ಬದಿಗೆ ಬರುವುದು ಎರಡು ಎಂಎಂ ಚಿಲ್ಲರೆ. ಗಾಜು ಅಳತೆಗಿಂತ ಅಷ್ಟು ಚಿಕ್ಕದಾದರೆ ಸಂದಿಯಲ್ಲಿ ಬೆಳಕು ಇಣುಕುತ್ತದೆ. ದೊಡ್ಡದಾದರೆ ಇನ್ನೂ ಕಷ್ಟ, ಯಾಕೆಂದರೆ ನಡುಗೋಡೆ ಜಗ್ಗುವುದಿಲ್ಲ. ಅಡ್ಡಸಾಲಿನಲ್ಲಿ ಎಂಟು ತುಂಡು ಇದ್ದು, ಒಂದೊಂದೂ ಒಂದೇ ಎಂಎಂ ಹೆಚ್ಚಾದರೂ ಕೊನೆಗೆ ಎಂಟು ಎಂಎಂ. ಬಡಗಿ ಆಗಲೇ ತೇಗದ ಚೌಕಟ್ಟು ಮಾಡಿಟ್ಟಿರುತ್ತಾನೆ. ಅವನ ಹತ್ತಿರ ಹೋಗಿ ಏನಂತ ಹೇಳುತ್ತೀರಿ?

ಅದಕ್ಕೇ ಚಿತ್ರವನ್ನು ಪೂರ್ತಿ ಅಳತೆಗೆ ಬರೆದುಕೊಂಡು, ಕಾಗದದ ಅಚ್ಚು ಕತ್ತರಿಸುವಾಗಲೇ ಆ ಅರ್ಧ ನೂಲು ಬಿಡಬೇಕು. ಅದಕ್ಕೆಂದೇ ಮೂರು ಅಲಗಿನ ಕತ್ತರಿ ಸಿಗುತ್ತದೆ, ನಡುವಿನ ಸಣ್ಣ ಪಟ್ಟಿಯನ್ನು ತಾನೇ ತೆಗೆದುಹಾಕುತ್ತದೆ. ಈ ಸೆಟ್ಟಿನಲ್ಲಿ ಅದು ಇಲ್ಲ. ನಾನು ಎರಡು ಗೆರೆ ಎಳೆದು ಬ್ಲೇಡಿನಿಂದ ಕೊಯ್ದೆ.

ಈಗ ಕಟರ್ ವಿಷಯ. ಪೆಟ್ಟಿಗೆ ಮೇಲೆ 'ಡೈಮಂಡ್' ಅಂತ ದಪ್ಪಕ್ಷರದಲ್ಲಿ ಅಚ್ಚಾಗಿದೆ. ವಜ್ರವೂ ಇಲ್ಲ, ಗಿಜ್ರವೂ ಇಲ್ಲ. ತುದಿಯಲ್ಲಿರುವುದು ಟಂಗ್‌ಸ್ಟನ್ ಕಾರ್ಬೈಡ್ ಚಕ್ರ. ಈ ಕೆಲಸಕ್ಕೆ ಬೇಕಾದ್ದೂ ಅದೇ. ಹಿತ್ತಾಳೆಯ ಹಿಡಿಕೆ ಪೊಳ್ಳು, ಒಳಗೆ ಎಣ್ಣೆ. ಗಾಜಿನ ಮೇಲೆ ಒತ್ತಿದಾಗ ಮಾತ್ರ ತಲೆಯ ಕಡೆಯಿಂದ ಸ್ವಲ್ಪ ಸ್ವಲ್ಪ ಎಣ್ಣೆ ಇಳಿಯುತ್ತದೆ. ಸೀಮೆಎಣ್ಣೆ ಆಗುತ್ತದೆ, ಆದರೆ ಈಗ ಅದು ಎಲ್ಲಿ ಸಿಗುತ್ತೆ ಹೇಳಿ. ಹೊಲಿಗೆ ಮೆಷಿನ್ ಎಣ್ಣೆ ಹಾಕಿದೆ, ಚೆನ್ನಾಗಿ ನಡೆಯುತ್ತದೆ. ಹಿಡಿಕೆ ತುಂಬಾ ತುಂಬಬೇಡಿ. ಮುಚ್ಚಳದ ವಾಷರ್ ಸಡಿಲ, ಮಲಗಿಸಿಟ್ಟರೆ ಬೆಳಿಗ್ಗೆ ಹೊತ್ತಿಗೆ ಟೇಬಲ್ ಮೇಲೆಲ್ಲ ಎಣ್ಣೆ. ನಾನು ಸ್ಟೀಲ್ ಲೋಟದಲ್ಲಿ ಬಟ್ಟೆ ಹಾಕಿ ನಿಲ್ಲಿಸಿಡುತ್ತೇನೆ.

ಇದರ ತಲೆ ಕಿರಿದು, ಎಡಕ್ಕೆ ಬಲಕ್ಕೆ ಸ್ವಲ್ಪ ಹೊರಳುತ್ತದೆ. ಬಾಗಿದ ಗೆರೆಗೆ ಅದೇ ಬೇಕು. ನೇರ ಗೀರಿಗೆ ಪಕ್ಕದ ಸಣ್ಣ ಸ್ಕ್ರೂ ಬಿಗಿ ಮಾಡಿದರೆ ತಲೆ ಅಲ್ಲಾಡದೆ ನಿಲ್ಲುತ್ತದೆ. ಗೀರು ಸರಿಯಾಗಿ ಬೀಳುತ್ತಿದೆಯೋ ಇಲ್ಲವೋ ಅಂತ ನೋಡಿ ತಿಳಿಯುವುದಕ್ಕಿಂತ ಕೇಳಿ ತಿಳಿಯುವುದು ಸುಲಭ. ಬಟ್ಟೆ ಅಂಗಡಿಯವರು ಲಂಗದ ಬಟ್ಟೆ ಪರ್ರಂತ ಹರಿದ ಹಾಗೆ ಒಂದೇ ಸಮ ಸದ್ದು ಬರಬೇಕು. ನಡುವೆ ಸದ್ದು ನಿಂತರೆ ಅಲ್ಲಿ ಗೀರು ಬಿದ್ದಿಲ್ಲ. ಬಿಳಿ ಪುಡಿ ಎದ್ದರೆ ಒತ್ತಿದ್ದು ಜಾಸ್ತಿಯಾಯಿತು. ಒಮ್ಮೆ ಎಳೆದ ಗೀರಿನ ಮೇಲೆ ಮತ್ತೆ ಎಳೆಯಲೇಬಾರದು, ಚಕ್ರವೂ ಹಾಳು, ಗಾಜೂ ಹಾಳು. ಗಾಜನ್ನು ನಾವು ಕತ್ತರಿಸುವುದಿಲ್ಲ, ಮೇಲ್ಮೈಯಲ್ಲಿ ಗೀರಿ ಬಿರುಕಿಗೆ ದಾರಿ ತೋರಿಸುತ್ತೇವೆ. ಗೀರಿದ ಕೂಡಲೇ ಮುರಿಯಬೇಕು. ಗೀರಿಟ್ಟು ಟೀ ಕುಡಿಯಲು ಹೋದರೆ ಬಿರುಕು ನಿಮ್ಮ ಮಾತು ಕೇಳುವುದಿಲ್ಲ.

ಕಟರಿನ ನಿಜವಾದ ಪರೀಕ್ಷೆ ನವಿಲಿನ ಕತ್ತು. ಕತ್ತು ನೀಲಿ ಗಾಜು, ಒಂದು ಬದಿ ಹೊರಬಾಗು, ಇನ್ನೊಂದು ಬದಿ ಒಳಬಾಗು. ಹೊರಬಾಗು ಮಕ್ಕಳಾಟ. ಒಳಬಾಗನ್ನು ಒಂದೇ ಏಟಿಗೆ ತೆಗೆಯಲು ಹೋದರೆ ಬಿರುಕು ಅಡ್ಡದಾರಿ ಹಿಡಿದು ಕತ್ತನ್ನೇ ಕುಯ್ಯುತ್ತದೆ. ಮೊದಲು ಕೊನೆಯ ಗೆರೆಯನ್ನೇ ಗೀರಿಕೊಂಡೆ. ಆಮೇಲೆ ಬೇಡದ ಭಾಗದಲ್ಲಿ ಅದಕ್ಕಿಂತ ಕಮ್ಮಿ ಬಾಗಿದ ಗೀರುಗಳು, ಒಂದರ ಹಿಂದೆ ಒಂದು. ಹೊರಗಿನದನ್ನು ಮೊದಲು ಗ್ರೋಜಿಂಗ್ ಪ್ಲೇಯರಿನಿಂದ ಹಿಡಿದು ಕೆಳಕ್ಕೆ ಎಳೆದಂತೆ ತಿರುವಿದೆ, ಚಂದ್ರನಾಕಾರದ ಒಂದು ಚೂರು ಕೈಗೆ ಬಂತು. ಆಮೇಲೆ ಮುಂದಿನದು. ಕೊನೆಯ ಗೆರೆ ತಲುಪುವ ಹೊತ್ತಿಗೆ ಉಸಿರು ಹಿಡಿದಿದ್ದೆ. ಅಂಚು ಎಷ್ಟು ಶುದ್ಧವಾಗಿ ಬಂತೆಂದರೆ ಸಾಣೆ ಕಲ್ಲನ್ನು ನೀರಿನಲ್ಲಿ ಅದ್ದಿ ಒಮ್ಮೆ ಸವರಿದ್ದಷ್ಟೇ. ಹಳೇ ಆರು ಚಕ್ರದ ಕಟರಿನಲ್ಲಿ ಇದು ಆಗುವ ಮಾತಲ್ಲ.

ಗಾಜಿನ ಬಗ್ಗೆ ಒಂದು ಮಾತು. ಒಂದು ಬದಿ ನುಣುಪು, ಇನ್ನೊಂದು ಬದಿ ಉಬ್ಬುತಗ್ಗಿನ ಗಾಜಾದರೆ ಯಾವಾಗಲೂ ನುಣುಪಿನ ಬದಿಗೇ ಗೀರಬೇಕು. ಹಾಲುಬಣ್ಣ ಬೆರೆತ ಗಾಜು ಗಡುಸು, ಬಿರುಕು ಬೇಗ ದಿಕ್ಕು ತಪ್ಪುತ್ತದೆ. ಹೊಸಬರು ಅದರಿಂದ ದೂರ ಇದ್ದರೆ ಒಳ್ಳೆಯದು.

ಇನ್ನು ದಂಡದ ಮಾಲು. ರನ್ನಿಂಗ್ ಪ್ಲೇಯರಿನ ಕೆಲಸ ಸರಳ. ಕೆಳದವಡೆಯ ನಡುವೆ ಒಂದು ಉಬ್ಬು, ಮೇಲ್ದವಡೆ ಎರಡು ತುದಿಯಲ್ಲಿ ಒತ್ತುತ್ತದೆ. ಮೇಲಿನ ಗುರುತನ್ನು ಗೀರಿಗೆ ಸರಿಯಾಗಿ ಇಟ್ಟು ಮೆಲ್ಲಗೆ ಹಿಸುಕಿದರೆ ಗೀರಿನ ಉದ್ದಕ್ಕೂ ಬಿರುಕು ಓಡಬೇಕು. ನನಗೆ ಬಂದದ್ದರಲ್ಲಿ ಮೇಲಿನ ಗುರುತಿಗೂ ಕೆಳಗಿನ ಉಬ್ಬಿಗೂ ನೆಂಟಸ್ತಿಕೆಯೇ ಇಲ್ಲ, ಒಂದು ಎಂಎಂ ಪಕ್ಕಕ್ಕಿದೆ. ಅಗಲದ ಗಾಜಿನಲ್ಲಿ ಹೇಗೋ ನಡೆಯುತ್ತದೆ. ಬೆರಳಗಲದ ಪಟ್ಟಿ ಮುರಿಯಲು ಹೋದರೆ ಬಿರುಕು ಅರ್ಧ ದಾರಿಯಲ್ಲಿ ಪಕ್ಕಕ್ಕೆ ಹಾರುತ್ತದೆ. ಗಾಜಿನ ದಪ್ಪಕ್ಕೆ ಹೊಂದಿಸುವ ಸ್ಕ್ರೂ ಬೇರೆ, ನಾಲ್ಕು ಸಲ ಹಿಸುಕುವಷ್ಟರಲ್ಲಿ ತಾನೇ ಸಡಿಲ. ಮಾರಿದವರಿಗೆ ಫೋಟೊ ಕಳಿಸಿದೆ. ವಾಪಸ್ ಮಾಡುವುದಾದರೆ ಇಡೀ ಸೆಟ್ ವಾಪಸ್ ಮಾಡಿ, ಒಂದನ್ನೇ ಬದಲಿಸಿ ಕೊಡಲ್ಲ ಅಂದರು. ಒಳ್ಳೇ ಕಟರ್ ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಅಲ್ಲಿಗೆ ಸುಮ್ಮನಾದೆ. ಗಿಡ್ಡ ಗೀರುಗಳನ್ನು ಎರಡು ಹೆಬ್ಬೆರಳಲ್ಲೇ ಮುರಿಯುತ್ತೇನೆ. ಉದ್ದದವಕ್ಕೆ ಬೇರೆ ಪ್ಲೇಯರ್ ಕೊಂಡೆ.

ಗ್ರೋಜಿಂಗ್ ಪ್ಲೇಯರಿಗೆ ಒಂದು ದವಡೆ ಚಪ್ಪಟೆ, ಒಂದು ಬಾಗಿದ್ದು, ಒಳಗೆ ಸಣ್ಣ ಹಲ್ಲು. ಚಪ್ಪಟೆ ಮೇಲೆ ಬರುವ ಹಾಗೆ ಹಿಡಿದು ಅಂಚಿನಲ್ಲಿ ಉಳಿದ ಮೊನೆಗಳನ್ನು ಕಡಿದು ತೆಗೆಯಬಹುದು. ಸ್ಪ್ರಿಂಗ್ ಸ್ವಲ್ಪ ಗಟ್ಟಿ, ಸಂಜೆ ಹೊತ್ತಿಗೆ ಅಂಗೈ ನೋಯುತ್ತದೆ. ಕಣ್ಣಿಗೆ ಕನ್ನಡಕ ಹಾಕದೆ ಇದನ್ನು ಮುಟ್ಟಬೇಡಿ. ಚೂರು ಎತ್ತ ಹಾರುತ್ತದೋ ಹೇಳಲಾಗದು.

ಜೋಡಿಸುವ ಕೆಲಸಕ್ಕೆ ಈ ಸೆಟ್ಟಿನಲ್ಲಿ ಏನೂ ಬರುವುದಿಲ್ಲ. ಹಲಗೆಯ ಮೂಲೆಗೆ ಎರಡು ರೀಪು ಬಡಿದು, ಅಲ್ಲಿಂದ ಒಂದೊಂದೇ ತುಂಡು ಕೂರಿಸುತ್ತ ಬರಬೇಕು. ಕದಲದಂತೆ ಹಿಡಿಯಲು ಕುದುರೆ ಲಾಳದ ಮೊಳೆ ಒಳ್ಳೆಯದು. ಊರಿನಲ್ಲಿ ಜಟಕಾ ಇದ್ದ ಕಾಲದಲ್ಲಾದರೆ ಲಾಳ ಕಟ್ಟುವವರ ಹತ್ತಿರ ಹಿಡಿ ತುಂಬ ಸಿಗುತ್ತಿತ್ತು, ಈಗ ಅದನ್ನೂ ಕೊರಿಯರಿನಲ್ಲಿ ತರಿಸಬೇಕು. ಬೆಸುಗೆ ಹಾಕುವುದು ಸೀಸದ ಪಟ್ಟಿಗಳು ಸೇರುವ ಜಾಗಕ್ಕೆ ಮಾತ್ರ. 60/40 ಬೆಸುಗೆ (ತವರ 60 ಪಾಲು, ಸೀಸ 40 ಪಾಲು) 190 ಡಿಗ್ರಿಯ ಹತ್ತಿರ ಕರಗುತ್ತದೆ, ಸೀಸ 327ಕ್ಕೆ. ಕಾದ ಬೆಸುಗೆ ಐರನ್ ಒಂದು ಕ್ಷಣ ಜಾಸ್ತಿ ನಿಂತರೆ ಬೆಸುಗೆಯ ಜೊತೆ ಪಟ್ಟಿಯೂ ಹರಿದುಹೋಗುತ್ತದೆ. ಕೊನೆಗೆ ಅಗಸೆ ಎಣ್ಣೆ, ಚಾಕ್ ಪುಡಿ ಕಲಸಿದ ಪುಟ್ಟಿಯನ್ನು ಬ್ರಷ್ಷಿನಿಂದ ಸೀಸದ ಅಡಿಗೆ ತುಂಬಬೇಕು. ಇಲ್ಲದಿದ್ದರೆ ಮಳೆ ಬಂದಾಗ ನೀರು ಒಳಗೆ, ಗಾಳಿ ಬಂದಾಗ ಗಾಜು ಗಡಗಡ. ಸೀಸ ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯದೆ ತಿಂಡಿ ಮುಟ್ಟಬೇಡಿ. ಅದು ವಿಷ. ನಮ್ಮ ಅಂಗಡಿಗೆ ಮಕ್ಕಳು ಬಂದರೆ ಆ ಟೇಬಲ್ ಕಡೆ ಬಿಡುವುದಿಲ್ಲ.

ಜಪಾನಿನ ಟೊಯೊ ಕಟರ್ ತಗೊಳ್ಳಬೇಕಾ ಅಂತ ಒಬ್ಬರು ಕೇಳಿದರು. ಬೆಂಗಳೂರಿನ ಗೆಳೆಯನ ಹತ್ತಿರ ಇದೆ, ಹಿಡಿದು ನೋಡಿದ್ದೇನೆ. ಎಣ್ಣೆ ಒಂದು ಹನಿ ಸೋರುವುದಿಲ್ಲ, ಚಕ್ರ ಇನ್ನೂ ಹಗುರವಾಗಿ ಓಡುತ್ತದೆ. ಬೆಲೆ ಇಡೀ ಈ ಸೆಟ್ಟಿಗಿಂತ ಜಾಸ್ತಿ. ದಿನಾ ಇದೇ ಕೆಲಸವಾದರೆ ತಗೊಳ್ಳಿ. ಮಣಿಕಟ್ಟು ನೋವಿರುವವರು ಪಿಸ್ತೂಲ್ ಹಿಡಿಕೆಯದ್ದು ನೋಡಿ. ವರ್ಷಕ್ಕೆ ಒಂದೆರಡು ಬಾಗಿಲಿನ ಕೆಲಸಕ್ಕೆ ಈ ಸೆಟ್ಟಿನ ಕಟರ್ ಧಾರಾಳ ಸಾಕು.

ನವಿಲು ಚೌಕಟ್ಟಿಗೆ ಸಲೀಸಾಗಿ ಕೂತಿತು. ಯಜಮಾನರು ಖುಷಿಯಾಗಿ, "ಮುಂದೆ ದೊಡ್ಡ ಬುದ್ಧಿಯೋರದ್ದು ಮಾಡಪ್ಪಾ, ದೇವರ ಮನೆ ಕಿಟಕಿಗೆ" ಅಂದರು. ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಚಿತ್ರ. ಕಾವಿ ಬಣ್ಣದ ಬಟ್ಟೆ, ವಿಭೂತಿಯ ಬಿಳಿ ಗೆರೆ ಗಾಜಿನಲ್ಲಿ ಕತ್ತರಿಸಿ ಕೂರಿಸಬಹುದು. ಕಣ್ಣು, ಮೂಗು, ಆ ನಗು ಆಗುವುದಿಲ್ಲ. ಚರ್ಚುಗಳ ಕಿಟಕಿಯಲ್ಲಿ ಕಾಣುವ ಮುಖಗಳೂ ಕತ್ತರಿಸಿದ್ದಲ್ಲ. ಗಾಜಿನ ಪುಡಿ, ಕಬ್ಬಿಣದ ಆಕ್ಸೈಡ್ ಸೇರಿದ ಬಣ್ಣದಲ್ಲಿ ಬರೆದು, 600 ಡಿಗ್ರಿ ದಾಟಿದ ಭಟ್ಟಿಯಲ್ಲಿ ಸುಟ್ಟದ್ದು. ನನ್ನ ಹತ್ತಿರ ಭಟ್ಟಿ ಇಲ್ಲ. "ಬುದ್ಧಿಯೋರ ಮುಖ ಕೆಡಿಸೋದು ಬೇಡ ಯಜಮಾನ್ರೇ. ಒಳ್ಳೇ ಫೋಟೊ ತನ್ನಿ, ಸುತ್ತ ಬಿಲ್ವಪತ್ರೆಯ ಬಾರ್ಡರ್ ಬಣ್ಣದ ಗಾಜಲ್ಲಿ ಹಾಕಿ ಕೊಡ್ತೀನಿ" ಅಂದೆ. ಒಪ್ಪಿಕೊಂಡಿದ್ದಾರೆ. ಹಸಿರು ಗಾಜಿಗೆ ಆರ್ಡರ್ ಹಾಕಿದ್ದೇನೆ.