ಕಲಬುರಗಿ ಕೋರ್ಟಿನ ಫ್ರೀ ಕಾನೂನು ಸಲಹೆ: ದಿವಾಳಿ ಅರ್ಜಿ ಹಾಕಿದ್ರ ಮನಿ ಲೈಟ್ ಬಿಲ್ ಏನಾಗ್ತದ?

ರೇಟಿಂಗ್ ಮೊದಲೇ ಹೇಳಿಬಿಡ್ತೀನಿ, 5ಕ್ಕ 5. ಇದು ಹೋಟೆಲ್ ಅಲ್ಲ, ಅಂಗಡಿನೂ ಅಲ್ಲ, ನಮ್ಮ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದವರು ಕೊಡೋ ಫ್ರೀ ಸಲಹೆ. ಇದರ ಬಗ್ಗೆ ಯಾರೂ ರಿವ್ಯೂ ಬರೆಯಲ್ಲ, ಅದಕ್ಕೇ ನಾ ಬರೀಲಾಕ್ಹತ್ತೀನಿ, ಯಾಕಂದ್ರ ಸಾಲದಾಗ ಮುಳುಗಿದ ಮನಿಯವರಿಗೆ ಹಿಂಗೊಂದು ಜಾಗ ಅದ ಅಂತ ಗೊತ್ತಾಗೋದ್ರಾಗ ಯಾರೋ ಒಬ್ಬ ಏಜೆಂಟ್ ಬಂದು ರೊಕ್ಕ ತಗೊಂಡು ಹೋಗಿರ್ತಾನ.

ನಮ್ಮ ಭಾವಂದು ಗಂಜ್‌ದಾಗ ತೊಗರಿ ಬ್ಯಾಳಿ ವ್ಯಾಪಾರ ಇತ್ತು. ತೊಗರಿಗೆ ನೆಟೆ ರೋಗ ಹತ್ತಿದ ವರ್ಷ ಉದ್ರಿ ಕೊಟ್ಟ ರೊಕ್ಕ ವಾಪಸ್ ಬರ್ಲಿಲ್ಲ, ಮೊದಲು ಬ್ಯಾಂಕು, ಆಮ್ಯಾಲ ಫೈನಾನ್ಸು, ಆಮ್ಯಾಲ ಕೈಗಡ, ಹಿಂಗ ಒಂದರ ಮ್ಯಾಲ ಒಂದು. ಕೊನಿಗೆ ಐಪಿ, ಅಂದ್ರ ದಿವಾಳಿ ಅರ್ಜಿ, ಹಾಕೋದೇ ಛಲೋ ಅಂತ ಮಾತು ಬಂತು. ಸಾಲ ಬಿಡಿಸಿ ಕೊಡ್ತೀವಿ ಅಂತ ಬೋರ್ಡ್ ಹಾಕ್ಕೊಂಡ ಒಂದು ಆಫೀಸಿನವರು ನಮ್ಮ ಅಕ್ಕಗ ಏನ್ ಹೇಳಿದ್ರಂದ್ರ, ಅರ್ಜಿ ಹಾಕಿದ ದಿನದಿಂದ ಲೈಟ್ ಬಿಲ್ಲು, ನಳದ ಬಿಲ್ಲು ಯಾವುದೂ ಕಟ್ಟಬ್ಯಾಡ್ರಿ, ಕೋರ್ಟ್ ಕೇಸ್ ಅದ ಅಂದ್ರ ಯಾರೂ ಲೈನ್ ಕಟ್ ಮಾಡಂಗಿಲ್ಲ, ಹಳೇ ಬಾಕಿ ಎಲ್ಲಾ ಮಾಫ್ ಆಗ್ತದ, ಮನಿ ಮತ್ತ ಪ್ಲಾಟ್ ಈಗೇ ನಿಮ್ಮ ಹೆಸರಿಗೆ ಮಾಡ್ಕೋರಿ ಅಂತ. ಇದಕ್ಕ ಫೀಸ್ ಬ್ಯಾರೆ ಕೇಳಿದ್ರು. ಅಕ್ಕಗ ಸಾಲಕ್ಕಿಂತ ಹೆಚ್ಚು ಚಿಂತಿ ಇದ್ದದ್ದು ಒಂದೇ, ಹುಡುಗ ಎಸ್ಸೆಸ್ಸೆಲ್ಸಿ ಇದ್ದಾನ, ಮನ್ಯಾಗ ಲೈಟ್ ಇರ್ತದೋ ಇಲ್ಲೋ.

ಕೋರ್ಟಿನಾಗ ನಮ್ಮ ಕೇಸ್ ನೋಡಿದವರು ಒಬ್ಬ ಪ್ಯಾನಲ್ ವಕೀಲ ಮೇಡಂ, ಅಂದ್ರ ಪ್ರಾಧಿಕಾರದವರ ಪಟ್ಟಿದಾಗ ಇರೋ ವಕೀಲರು. ಹೆಣ್ಮಕ್ಕಳಿಗೆ ಆದಾಯ ಎಷ್ಟೇ ಇರ್ಲಿ ಫ್ರೀ, 1987ರ ಕಾನೂನು ಸೇವೆಗಳ ಕಾಯ್ದೆದಾಗೇ ಅದ, ಎಸ್ಸಿ ಎಸ್ಟಿಯವರಿಗೂ, ಇನ್ನ ಕೆಲವರಿಗೂ ಹಂಗೇ, ಉಳಿದವರಿಗೆ ಆದಾಯದ ಮಿತಿ ಅದ. ಅಕ್ಕನ ಹೆಸರಿಲೆ ಅರ್ಜಿ ಕೊಟ್ವಿ. ಮೇಡಂ ಮೊದಲು ಪೂರಾ ಕೇಳಿದ್ರು, ನಡುವ ಬಾಯಿ ಹಾಕಲಿಲ್ಲ, ಆಮ್ಯಾಲ ಒಂದೊಂದೇ ಬಿಡಿಸಿ ಹೇಳಿದ್ರು. ಕಾಗದ ಓದಿ ಕೈಗೆ ಕೊಡೋರು ಬ್ಯಾರೆ, ಮನಿ ಕಷ್ಟ ತಿಳ್ಕೊಂಡು ಹೇಳೋರು ಬ್ಯಾರೆ, ಇವರು ಎರಡನೇ ಥರದವರು.

ಅವರು ಹೇಳಿದ್ದು ಹಿಂಗ. ಅರ್ಜಿ ಹಾಕಿದ್ರ ಕರೆಂಟ್ ಕಟ್ ಮಾಡಂಗಿಲ್ಲ ಅನ್ನೋದು ಅಮೆರಿಕಾದ ಕಾಯ್ದೆ ಮಾತು, ಯೂಟ್ಯೂಬ್‌ದಾಗ ನೋಡಿ ಇಲ್ಲಿ ಹೇಳ್ತಾರ. ಅಲ್ಲಿ ಸೆಕ್ಷನ್ 366 ಅಂತ ಅದ, ಹಳೇ ಬಾಕಿ ಅದ ಅಂತ ಕಂಪನಿ ಲೈನ್ ತೆಗಿಯಂಗಿಲ್ಲ, ಆದ್ರ 20 ದಿನದೊಳಗ ಮುಂದಿನ ಬಿಲ್ಲಿಗೆ ಡಿಪಾಜಿಟ್ ಥರ ಭರವಸೆ ಕೊಡಬೇಕು, ಅರ್ಜಿ ಆದಮ್ಯಾಲಿನ ಬಿಲ್ಲು ಅಲ್ಲಿನೂ ಕಟ್ಟಲೇಬೇಕು. ನಮ್ಮ ದೇಶದಾಗ 2016ರ ದಿವಾಳಿ ಸಂಹಿತೆ ಬಂದದ ಖರೆ, ಕಂಪನಿಗಳಿಗೆ ಅದರಾಗ ಕರೆಂಟು ನೀರು ನಿಲ್ಲಿಸಬಾರದು ಅಂತ ರಕ್ಷಣೆನೂ ಅದ, ಆದ್ರ ಸಾದಾ ಮನುಷ್ಯರ ಭಾಗ ಜಾರಿ ಆಗಿಲ್ಲ, ಕಂಪನಿ ಸಾಲಕ್ಕ ಜಾಮೀನು ನಿಂತವರಿಗೆ ಮಾತ್ರ 2019ರ ಡಿಸೆಂಬರ್‌ದಿಂದ ಜಾರಿ ಅದ. ಭಾವನಂಥವರಿಗೆ ಈಗೂ 1920ರ ಪ್ರಾವಿನ್ಷಿಯಲ್ ಇನ್ಸಾಲ್ವೆನ್ಸಿ ಕಾಯ್ದೆನೇ. ಅದರಾಗ ಮನಿ ಲೈಟ್ ಉಳಿಸೋ ಸೆಕ್ಷನ್ ಎಲ್ಲಿನೂ ಇಲ್ಲ. ಆ ಕಾಲದಾಗ ಎಷ್ಟು ಮನಿಗೆ ಕರೆಂಟ್ ಇತ್ತು ಹೇಳ್ರಿ. ನೂರು ವರ್ಷ ಆದ್ರೂ ಹೊಸಾದು ಜಾರಿ ಮಾಡ್ಲಿಲ್ಲಲ್ಲ ಅಂತ ನನಗ ಭಾಳ ಸಿಟ್ಟು ಬಂತು, ದೊಡ್ಡ ಕಂಪನಿ ದಿವಾಳಿ ಆದ್ರ ಅದರ ಫ್ಯಾಕ್ಟರಿ ಲೈಟಿಗೆ ರಕ್ಷಣೆ, ನಮ್ಮಂಥವರ ಮನಿ ಲೈಟಿಗೆ ಇಲ್ಲ, ಇದು ನ್ಯಾಯ ಅಲ್ಲ.

ಹಂಗಾರ ಮಾಡೋದೇನು? ಮೇಡಂ ಮೊದಲು ಕೇಳಿದ್ದು ಮೀಟರ್ ಯಾರ ಹೆಸರಿಲೆ ಅದ ಅಂತ. ಅಂಗಡಿ ಮೀಟರ್ ಭಾವನ ಹೆಸರಿಲೆ, ಮನಿ ಮೀಟರ್ ಅವರ ಅವ್ವನ ಹೆಸರಿಲೆ, ಬಿಲ್ಲಿನ ಮ್ಯಾಲ ಇರೋ ಆರ್‌ಆರ್ ನಂಬರ್ (ಕನೆಕ್ಷನ್ ನಂಬರ್) ಎರಡೂ ಬ್ಯಾರೆ ಬ್ಯಾರೆ. ದಿವಾಳಿ ಅರ್ಜಿ ಹಾಕೋದು ಭಾವ ಒಬ್ಬರೇ, ಅವ್ವ ಅಲ್ಲ, ಹಂಗಾಗಿ ಮನಿ ಅಕೌಂಟು ಆ ಕೇಸಿನಾಗ ಬರೋದೇ ಇಲ್ಲ. ಅದನ್ನ ತಿಂಗಳಾ ತಿಂಗಳ ತಪ್ಪದಂಗ ಕಟ್ಟಿ ಇಟ್ಕೋರಿ ಅಂದ್ರು. ಗೃಹಜ್ಯೋತಿ ಇರೋದ್ರಿಂದ ಅದು ಭಾರ ಆಗಲ್ಲ, ಮನಿ ಸರಾಸರಿ ಮ್ಯಾಲ 10 ಪರ್ಸೆಂಟ್ (ಸರಾಸರಿ 48 ಯುನಿಟ್‌ಗಿಂತ ಕಮ್ಮಿ ಇದ್ರ 10 ಯುನಿಟ್) ಸೇರಿಸಿ ಬಂದಷ್ಟು ಯುನಿಟ್ ಫ್ರೀ, ಒಟ್ಟು 200 ದಾಟಿದ್ರ ಮಾತ್ರ ಪೂರಾ ಬಿಲ್ ಬರ್ತದ. ಅಂಗಡಿ ಮೀಟರಿಗೆ ಗೃಹಜ್ಯೋತಿ ಇಲ್ಲ, ಬಾಕಿ ಇದ್ದದ್ದೂ ಅಲ್ಲೇ.

ಅಂಗಡಿ ಬಾಕಿ ಮಾತ್ರ ದಿವಾಳಿ ಅರ್ಜಿದಾಗಿನ ಕೊಡಬೇಕಾದ ಸಾಲದ ಪಟ್ಟಿದಾಗ ಬ್ಯಾಂಕು, ಫೈನಾನ್ಸು, ಕೈಗಡ ಎಲ್ಲದರ ಸಂಗಡ ಬರಿಬೇಕು, ಒಂದೂ ಮುಚ್ಚಿಡಬಾರದು. ಪಟ್ಟಿದಾಗ ಬರೆದ ಕೂಡ್ಲೇ ಲೈನ್ ಉಳಿತದ ಅಂತ ತಿಳಿಬ್ಯಾಡ್ರಿ. ವಿದ್ಯುತ್ ಕಾಯ್ದೆ 2003ರ ಸೆಕ್ಷನ್ 56 ಪ್ರಕಾರ ಬಾಕಿ ಇದ್ರ ಬರವಣಿಗೆದಾಗ ಪೂರಾ 15 ದಿನದ ನೋಟೀಸ್ ಕೊಟ್ಟು ಲೈನ್ ತೆಗಿಬಹುದು, ಆಮ್ಯಾಲ ಬಾಕಿನೂ ಕಟ್ಟಬೇಕು, ತೆಗೆದು ಮತ್ತ ಹಾಕೋ ಖರ್ಚೂ ಕಟ್ಟಬೇಕು. ಆದ್ರ ನೋಟೀಸ್ ಇಲ್ಲದೆ ತೆಗಿಯಂಗಿಲ್ಲ. ಬಿಲ್ಲೇ ತಪ್ಪದ ಅಂತ ತಕರಾರು ಇದ್ರ, ಕೇಳಿದ ಮೊತ್ತ ಇಲ್ಲಾ ಹಿಂದಿನ ಆರು ತಿಂಗಳ ಸರಾಸರಿ, ಎರಡರಾಗ ಯಾವುದು ಕಮ್ಮಿ ಅದು, ತಕರಾರು ಬರೆದುಕೊಟ್ಟು ಕಟ್ಟಿದ್ರ ತಕರಾರು ಮುಗಿಯೋ ತನಕ ಲೈನ್ ಉಳಿತದ. ಇದು ನಮ್ಮ ಮನ್ಯಾಗ ಯಾರಿಗೂ ಗೊತ್ತಿರ್ಲಿಲ್ಲ, ಆ ಏಜೆಂಟ್ ಆಫೀಸಿನವರೂ ಬಾಯಿ ಬಿಡಲಿಲ್ಲ.

ಇನ್ನೊಂದು ದೊಡ್ಡ ಉಪಕಾರ ಅಂದ್ರ ಖಾಯಂ ಜನತಾ ನ್ಯಾಯಾಲಯ. ಕರೆಂಟು, ನೀರು, ಫೋನು, ಬಸ್ಸು, ಇನ್ಶೂರೆನ್ಸು ಇಂಥ ಸೇವೆಗಳ ತಕರಾರು ಅಲ್ಲೇ ಹಾಕಬಹುದು, ಕೋರ್ಟ್ ಫೀಸ್ ಇಲ್ಲ, ಮೊದಲು ರಾಜಿ ಮಾಡಿಸ್ಲಾಕ ನೋಡ್ತಾರ, ಆಗ್ಲಿಲ್ಲಂದ್ರ ತಾವೇ ತೀರ್ಪು ಕೊಡ್ತಾರ, ಅಪೀಲ್ ಇಲ್ಲ. ಮೇಡಂ ನಮ್ಮ ಬಾಕಿಗೆ ಕಂತು ಕೇಳಿ ಅರ್ಜಿ ಬರೆದುಕೊಟ್ರು, ಕಂತಿನ ಮ್ಯಾಲ ರಾಜಿ ಆಯ್ತು, ಈಗ ಅಕ್ಕ ಕಟ್ಟಲಾಕ್ಹತ್ಯಾಳ.

ಮನಿ ಹೆಸರು ಬದಲಿ ಮಾಡೋ ಮಾತಿಗೆ ಮೇಡಂ ಕಡಕ್ ಆಗಿ ಬ್ಯಾಡ ಅಂದ್ರು. ರೊಕ್ಕ ಇಲ್ಲದೆ ಹೆಂಡತಿ ಹೆಸರಿಗೆ ಬರೆದುಕೊಟ್ಟು ಎರಡು ವರ್ಷದೊಳಗ ದಿವಾಳಿ ಅರ್ಜಿ ಬಂದ್ರ ಆ ವರ್ಗಾವಣೆ ಕೋರ್ಟ್ ರದ್ದು ಮಾಡಬಹುದು, ಇರೋ ಮರ್ಯಾದಿನೂ ಹೋಗ್ತದ. ಅಕ್ಕ ತಾಳಿ ಮುಟ್ಟಿ ನೋಡ್ಕೊಂಡು ಇದೂ ತಗೋತಾರೇನ್ರಿ ಅಂತ ಕೇಳಿದ್ಲು. ಇಲ್ಲವ್ವ, ಉಟ್ಟ ಬಟ್ಟಿ, ಅಡಿಗಿ ಭಾಂಡಿ, ಹಾಸಿಗಿ, ತಾಳಿ ಇವಕ್ಕ ಜಪ್ತಿ ಇಲ್ಲ, ಕಾಯ್ದೆದಾಗೇ ಬರೆದಾರ ಅಂತ ಮೇಡಂ ಅಂದಾಗ ಅಕ್ಕ ಅಲ್ಲೇ ಅತ್ಲು. ಅದೊಂದು ಮಾತಿಗೇ ನಾ ಐದು ಸ್ಟಾರ್ ಕೊಡ್ತಿದ್ದೆ.

ಇವರ ಕೈಲಿ ಆಗದ್ದೂ ಹೇಳ್ತೀನಿ. ಸಾಲ ಇವರು ಮಾಫ್ ಮಾಡಲ್ಲ. ದಿವಾಳಿ ಅರ್ಜಿ ಜಲ್ದಿ ಮುಗಿಯೋದಲ್ಲ, ದಿವಾಳಿ ಅಂತ ಘೋಷಣೆ ಆದಮ್ಯಾಲ ಆಸ್ತಿ ಕೋರ್ಟ್ ಇಲ್ಲಾ ಕೋರ್ಟ್ ನೇಮಿಸಿದ ರಿಸೀವರ್ ಕೈಗೆ ಹೋಗ್ತದ, ಆಮ್ಯಾಲ ಡಿಸ್ಚಾರ್ಜ್‌ಗೆ, ಅಂದ್ರ ಸಾಲದಿಂದ ಬಿಡುಗಡೆಗೆ, ಮತ್ತ ಅರ್ಜಿ ಹಾಕಬೇಕು, ಅದು ಸಿಕ್ಕರೂ ಸರ್ಕಾರಕ್ಕ ಕೊಡಬೇಕಾದ ಬಾಕಿ, ಮೋಸದಿಂದ ಮಾಡಿದ ಸಾಲ ಉಳಿತವ. ಅಂಗಡಿನೋ ಮನಿನೋ ಲಿಲಾವ್ ಆಗಿ ಬ್ಯಾರೆಯವರು ತಗೊಂಡ್ರ, ಹಳೇ ಕರೆಂಟ್ ಬಾಕಿ ತೀರಿಸಿದ್ರೇ ಹೊಸ ಕನೆಕ್ಷನ್ ಅಂತ ನಿಯಮ ಇರಬಹುದು, ಅಂಥ ನಿಯಮ ಸರಿ ಅದ ಅಂತ ಸುಪ್ರೀಂ ಕೋರ್ಟ್ 2023ರಾಗೇ ಹೇಳ್ಯಾದ, ಲಿಲಾವಿನಾಗ ತಗೊಳ್ಳೋರೂ ಇದನ್ನ ನೋಡ್ಕೋರಿ.

ಬೀದರ್, ಯಾದಗಿರಿಯವರಿಗೆ ತಮ್ಮ ತಮ್ಮ ಜಿಲ್ಲಾ ಕೋರ್ಟಿನಾಗೇ ಪ್ರಾಧಿಕಾರ ಅದ, ಹೋಗ್ಲಾಕ ಆಗ್ಲಿಲ್ಲಂದ್ರ 15100ಕ್ಕ ಫೋನ್ ಮಾಡ್ರಿ. ಹೋಗುವಾಗ ಆಧಾರ್, ರೇಷನ್ ಕಾರ್ಡ್, ಮನಿ ಮತ್ತ ಅಂಗಡಿ ಎರಡೂ ಮೀಟರಿನ ಹಳೇ ಬಿಲ್ಲು, ಕಟ್ಟಿದ ರಸೀದಿ, ನೋಟೀಸ್ ಬಂದಿದ್ರ ಅದು, ಯಾರಿಗೆ ಎಷ್ಟು ಕೊಡಬೇಕು ಅಂತ ಕೈಲೆ ಬರೆದ ಒಂದು ಪಟ್ಟಿ, ಇಷ್ಟು ಒಯ್ಯಿರಿ. ಬಾಡಿಗಿ ಮನ್ಯಾಗ ಇದ್ರ ಮೀಟರ್ ಮಾಲಕರ ಹೆಸರಿಲೆ ಇರ್ತದ, ಅವರ ಸಂಗಡ ಮಾಡ್ಕೊಂಡ ಅಗ್ರಿಮೆಂಟ್ ಕಾಪಿನೂ ಇಟ್ಕೋರಿ.