ಮಾಳಿಗೆ ಮೇಲಿನ ಐಗೇಟ್: ಕಲಬುರಗಿಯಲ್ಲಿ ಒಂದು ವರ್ಷದ ಬಳಕೆ

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ (ಯುಎಸ್‌ಬಿಗೆ ಸಿಕ್ಕಿಸೋ ರೇಡಿಯೊ ರಿಸೀವರ್), ಹಳೇ ರಾಸ್ಪ್‌ಬೆರಿ ಪೈ 3 (ಪುಟಾಣಿ ಕಂಪ್ಯೂಟರ್), ರೇಡಿಯೊ ಸದ್ದಿನಿಂದ ಪ್ಯಾಕೆಟ್ ಬಿಡಿಸೋ ಡೈರ್‌ವುಲ್ಫ್ ಸಾಫ್ಟ್‌ವೇರ್. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೊದವರು, ತಾವಿರೋ ಜಾಗ, ಸಣ್ಣ ಸಂದೇಶಗಳನ್ನು ರೇಡಿಯೊದಲ್ಲಿ ಪ್ಯಾಕೆಟ್‌ಗಳಾಗಿ ಕಳಿಸೋ ಪದ್ಧತಿ ಎಪಿಆರ್‌ಎಸ್. ಆ ಪ್ಯಾಕೆಟ್ ಹಿಡಿದು ಇಂಟರ್ನೆಟ್ಟಿಗೆ ದಾಟಿಸೋ ಐಗೇಟ್‌ಗೆ ಇಷ್ಟು ಸಾಕು. ಜೊತೆಗೆ ಹ್ಯಾಮ್ ಕಾಲ್‌ಸೈನ್ (ಪರವಾನಗಿ ಜೊತೆ ಸಿಗೋ ಗುರುತು) ಬೇಕು, ಎಪಿಆರ್‌ಎಸ್ ಸರ್ವರ್‌ಗೆ ಲಾಗಿನ್ ಆಗೋ ಪಾಸ್‌ಕೋಡ್ ಅದರಿಂದಲೇ ಬರೋದು. ಡಾಂಗಲ್ ಮೇಲೆ ದೂರಿಲ್ಲ. ವರ್ಷವಿಡೀ ತಲೆ ತಿಂದಿದ್ದು ಕರೆಂಟು.

ಮೊಬೈಲ್ ಚಾರ್ಜರ್‌ನಲ್ಲಿ ಪೈ ಆನ್ ಆಗುತ್ತೆ, ಅಲ್ಲೇ ಮೋಸ ಹೋಗೋದು. ಡಾಂಗಲ್ ಒಂದೇ ಸುಮಾರು 300 ಮಿಲಿಆಂಪಿಯರ್ ಎಳೆಯುತ್ತೆ, ಸಪೂರ ಕೇಬಲ್‌ನಲ್ಲಿ ವೋಲ್ಟೇಜ್ ಕುಸಿಯುತ್ತೆ. 4.63 ವೋಲ್ಟ್‌ಗಿಂತ ಕೆಳಗಿಳಿದರೆ ಪೈ ತನ್ನ ವೇಗ ತಗ್ಗಿಸಿಕೊಂಡು ಸ್ಯಾಂಪಲ್ (ಸದ್ದಿನ ಬಿಡಿ ಬಿಡಿ ಅಳತೆಗಳು) ಕಳೆದುಕೊಳ್ಳುತ್ತೆ. ಒಂದು ಬಿಟ್ ತಪ್ಪಿದರೂ ಇಡೀ ಪ್ಯಾಕೆಟ್ ಕಸದ ಬುಟ್ಟಿಗೆ, ಪರದೆ ಮೇಲೆ ಸುಳಿವೂ ಇರಲ್ಲ. ಆಂಟೆನಾ ಬಿಚ್ಚಿ ಕಟ್ಟೋ ಮೊದಲು ಡೈರ್‌ವುಲ್ಫ್‌ಗೆ '-a 100' ಕೊಟ್ಟು ನೋಡಿ: 100 ಸೆಕೆಂಡಿಗೊಮ್ಮೆ ಸ್ಯಾಂಪಲ್ ದರ ತೋರಿಸುತ್ತೆ. 24 ಸಾವಿರಕ್ಕೆ ಹೊಂದಿಸಿದ್ದು 22ಕ್ಕೆ ಇಳಿದಿದ್ದರೆ ಮೊದಲು ಅಡಾಪ್ಟರ್ ಬದಲಾಯಿಸಿ. 5.1 ವೋಲ್ಟ್, 2.5 ಆಂಪಿಯರ್‌ದು, ಕೇಬಲ್ ಅಡಾಪ್ಟರ್‌ಗೇ ಅಂಟಿಕೊಂಡಿರೋದು ತಗೊಳ್ಳಿ.

ಪದೇ ಪದೇ ಕರೆಂಟ್ ಹೋದರೆ ಎಸ್‌ಡಿ ಕಾರ್ಡ್ ಕೆಡುತ್ತೆ. ಪೈಯ ಸೆಟ್ಟಿಂಗ್ ಮೆನು ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ (ಬರೆಯೋದೆಲ್ಲ ಮೆಮೊರಿಗೆ ಮಾತ್ರ) ಹಾಕಿದರೆ ಕಾರ್ಡಿಗೆ ಬರೆಯೋದೇ ನಿಲ್ಲುತ್ತೆ, ಆ ಕಾಟ ಮುಗಿಯಿತು. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದವರಿಗೆ ಇನ್ನೊಂದು ತೊಂದರೆ: ಅದು ಶುರುವಾದ ಕ್ಷಣ ರೇಡಿಯೊ ತುಂಬಾ ಗರಗರ. ಅಡಾಪ್ಟರ್ ವೈರಿಗೆ ಕ್ಲಿಪ್-ಆನ್ ಫೆರೈಟ್ ಹಾಕಿದರೆ ಸ್ವಲ್ಪ ತಗ್ಗುತ್ತೆ, ಪೂರ್ತಿ ಹೋಗಲ್ಲ.

ಬೇಸಿಗೆಯಲ್ಲಿ ಪೈಯನ್ನು ಡಬ್ಬಿಯಲ್ಲಿ ಹಾಕಿ ಮಾಳಿಗೆ ಮೇಲೆ ಇಡಲೇಬೇಡಿ. ನೆರಳಲ್ಲೇ 42 ಡಿಗ್ರಿ, ಮುಚ್ಚಿದ ಡಬ್ಬಿಯೊಳಗೆ ಕೇಳೋದೇ ಬೇಡ. ಕೋಣೆಯಲ್ಲಿಟ್ಟು 10 ಮೀಟರ್ ಆರ್‌ಜಿ-58 ಆಂಟೆನಾ ಕೇಬಲ್ ಎಳೆದರೆ ಸುಮಾರು 2 ಡಿಬಿ ನಷ್ಟ, ಇಷ್ಟು ನಷ್ಟ ನಡೆಯುತ್ತೆ. ಡಾಂಗಲ್ ಮಾತ್ರ ಟಿಸಿಎಕ್ಸ್‌ಒ (ಬಿಸಿ ಏರಿಳಿದರೂ ಫ್ರೀಕ್ವೆನ್ಸಿ ಕದಲದಂತೆ ಹಿಡಿಯೋ ಭಾಗ) ಇರೋದೇ ಕೊಳ್ಳಿ. ಅಗ್ಗದವು 60 ಪಿಪಿಎಂ (ಹತ್ತು ಲಕ್ಷಕ್ಕೆ 60) ತಪ್ಪಿದರೆ 145 ಮೆಗಾಹರ್ಟ್ಸ್‌ನಲ್ಲಿ 8 ಕಿಲೋಹರ್ಟ್ಸ್‌ಗಿಂತ ಹೆಚ್ಚು ಸರಿದಂತೆ, ಪ್ಯಾಕೆಟ್ ಸಿಗಲ್ಲ.

ಇಷ್ಟೆಲ್ಲ ಸರಿಮಾಡಿದರೂ ನೆಲದ ಎಪಿಆರ್‌ಎಸ್ ಚಾನೆಲ್‌ನಲ್ಲಿ ಇಲ್ಲಿ ದಿನಗಟ್ಟಲೆ ಮೌನ. ಡಾಂಗಲ್ ಮಾರಿಬಿಡೋಣ ಅನ್ನಿಸೋ ಹೊತ್ತಿಗೆ 145.825 ಮೆಗಾಹರ್ಟ್ಸ್‌ಗೆ ತಿರುಗಿಸಿದ್ದಾಯಿತು, ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದ ಡಿಜಿಪೀಟರ್ (ಕೇಳಿದ ಪ್ಯಾಕೆಟ್ ಮರುಪ್ರಸಾರ ಮಾಡೋ ರೇಡಿಯೊ) ಇರೋ ಕಡೆ. ಅಲ್ಲಿಂದ ಬೇಸರವಿಲ್ಲ. ಆಂಟೆನಾಗೆ ಒಂದು ಎಸ್‌ಒ-239 ಸಾಕೆಟ್, 49 ಸೆಂಟಿಮೀಟರ್‌ನ ಒಂದು ಹಿತ್ತಾಳೆ ಕಡ್ಡಿ ನೆಟ್ಟಗೆ, 52 ಸೆಂಟಿಮೀಟರ್‌ನ ನಾಲ್ಕು ಕಡ್ಡಿಗಳನ್ನು 45 ಡಿಗ್ರಿ ಕೆಳಕ್ಕೆ ಬಾಗಿಸಿ. ಡಾಂಗಲ್‌ನ ಗೇನ್ (ಸಿಗ್ನಲ್ ಹಿಗ್ಗಿಸೋ ಮಟ್ಟ) ಆಟೊ ಬೇಡ, 40ರ ಆಸುಪಾಸು ಇಡಿ. ಡಾಪ್ಲರ್ (ನಿಲ್ದಾಣದ ಓಟದಿಂದ ಫ್ರೀಕ್ವೆನ್ಸಿ ಸರಿಯೋದು) 3.5 ಕಿಲೋಹರ್ಟ್ಸ್ ಒಳಗೇ ಇರೋದರಿಂದ ಫ್ರೀಕ್ವೆನ್ಸಿ ಸರಿಪಡಿಸುತ್ತಾ ಕೂರಬೇಕಿಲ್ಲ.

ಸಂಜೆ ಪಾಸ್ (ನಿಲ್ದಾಣ ನಮ್ಮ ಆಕಾಶದಲ್ಲಿ ಹಾದುಹೋಗೋದು) ಇದ್ದರೆ ಚಹಾ ಲೋಟ ಹಿಡಿದು ಪರದೆ ನೋಡೋದೇ ಒಂದು ಸುಖ. ಮೊದಲ ನಿಮಿಷ ಏನೂ ಇಲ್ಲ. ಆಮೇಲೆ ನಿಲ್ದಾಣದ ಕಾಲ್‌ಸೈನ್ 'ಆರ್‌ಎಸ್0ಐಎಸ್‌ಎಸ್' ಆದ ಮೇಲೆ ನಕ್ಷತ್ರ ಚಿಹ್ನೆ ಇರೋ ಸಾಲುಗಳು ಸರಸರ ಇಳಿಯುತ್ತವೆ. ನಿಲ್ದಾಣ ಬಂಗಾಳ ಕೊಲ್ಲಿಯ ಮೇಲಿದ್ದರೆ ಥಾಯ್ಲೆಂಡ್‌ನವರ ಪ್ಯಾಕೆಟ್ ಕೂಡ ಈ ಕಡ್ಡಿಗೆ ಸಿಗಬಹುದು. ಹತ್ತು ನಿಮಿಷದಲ್ಲಿ ಎಲ್ಲ ಮುಗಿಯುತ್ತೆ. ಎಪಿಆರ್‌ಎಸ್ ನಕ್ಷೆಯ ತಾಣದಲ್ಲಿ ಕಚ್ಚಾ ಪ್ಯಾಕೆಟ್ ತೆಗೆದು ನೋಡಿದರೆ 'ಕ್ಯೂಎಒ' (ಬರೀ ಕೇಳೋ ಐಗೇಟ್‌ನ ಗುರುತು) ಪಕ್ಕದಲ್ಲಿ ನಿಮ್ಮ ಕಾಲ್‌ಸೈನ್.

ಎರಡು ದಿನ ಏನೂ ಬರದಿದ್ದರೆ ಸ್ಪ್ಯಾನರ್ ಎತ್ತಬೇಡಿ. ನಿಲ್ದಾಣದ ರೇಡಿಯೊವನ್ನು ಆಗಾಗ ಧ್ವನಿ ರಿಪೀಟರ್‌ಗೆ ಬದಲಿಸುತ್ತಾರೆ, ನೌಕೆ ಬಂದು ಸೇರುವಾಗಲೂ ಗಗನಯಾತ್ರಿಗಳು ಹೊರಗೆ ಕೆಲಸಕ್ಕಿಳಿದಾಗಲೂ ಆಫ್ ಮಾಡುತ್ತಾರೆ. ನಿಲ್ದಾಣದ ಹ್ಯಾಮ್ ರೇಡಿಯೊ ನೋಡಿಕೊಳ್ಳೋ ಅರಿಸ್ ತಂಡದ ಸ್ಥಿತಿ ಪುಟ ಮೊದಲು ನೋಡಿ.